ಬರಾಗ್ವನಾಥಿಯ, ಡ್ರೆಪನೋಫೈಕಸ್, ಆಸ್ಟೆರಾಕ್ಸೈಲಾನ್, ಲೆಕ್ಲರ್ಕಿಯ: ಆದಿಮ ಕ್ಲಬ್‌ಮಾಸ್‌ಗಳಲ್ಲಿ ಅಧ್ಯಯನಕ್ಕೆ ಯಾವುದನ್ನು ಆರಿಸಿಕೊಳ್ಳಬೇಕು?

ಲೈಕೋಪೋಡಿಯಂ, ಸೆಲಾಜಿನೆಲ್ಲ ಮತ್ತು ಐಸೋಯಿಟಿಸ್‌ಗಳನ್ನು ಸಸ್ಯಶಾಸ್ತ್ರದ ಪಠ್ಯದಲ್ಲಿ ಓದಿದವರು, ಈ ಬಳಗ ಎಲ್ಲಿಂದ ಬಂತು ಎಂದು ಕೇಳಿಕೊಂಡು ಸಿಲೂರಿಯನ್ ಮತ್ತು ಅದರ ನಂತರದ ಡೆವೋನಿಯನ್ ಯುಗಗಳ ಶಿಲೆಗಳವರೆಗೆ ಹಿಂದಕ್ಕೆ ಹೋದರೆ, ಅಲ್ಲಿ ನಾಲ್ಕು ಹೆಸರುಗಳು ಮತ್ತೆ ಮತ್ತೆ ಎದುರಾಗುತ್ತವೆ: ಬರಾಗ್ವನಾಥಿಯ, ಡ್ರೆಪನೋಫೈಕಸ್, ಆಸ್ಟೆರಾಕ್ಸೈಲಾನ್ ಮತ್ತು ಲೆಕ್ಲರ್ಕಿಯ. ನಾಲ್ಕೂ ಅಳಿದುಹೋದ ಕುಲಗಳು. ನಾಲ್ಕೂ, ಮೇಲಿನ ಮೂರು ಇಂದಿನ ಗಿಡಗಳು ಸೇರಿರುವ ಕ್ಲಬ್‌ಮಾಸ್ ವಂಶದ ಆದಿಮ ಸದಸ್ಯರು. ಪುಸ್ತಕದ ಚಿತ್ರಗಳಲ್ಲಿ ನಾಲ್ಕೂ ಮೈತುಂಬ ಸಣ್ಣ ಎಲೆಗಳನ್ನು ಹೊದ್ದು, ಎರಡೆರಡಾಗಿ ಕವಲೊಡೆಯುವ ಕಡ್ಡಿಗಳಂತೆಯೇ ಕಾಣುತ್ತವೆ. ಪ್ರಬಂಧಕ್ಕೋ ವಿಚಾರಗೋಷ್ಠಿಗೋ ಸ್ವಂತ ಕುತೂಹಲಕ್ಕೋ ಇವುಗಳಲ್ಲಿ ಒಂದನ್ನು ಹಿಡಿದು ಆಳವಾಗಿ ಓದಬೇಕೆನ್ನುವವರಿಗೆ ಯಾವುದು ತಕ್ಕದ್ದು ಎಂಬುದನ್ನು ಇಲ್ಲಿ ಹೋಲಿಸಿ ನೋಡಲಾಗಿದೆ.

ಹೆಚ್ಚಿನವರು ಆರಿಸುವುದು ವಯಸ್ಸು ನೋಡಿ. ಯಾವುದು ಎಲ್ಲಕ್ಕಿಂತ ಹಳೆಯದೋ ಅದೇ ಎಲ್ಲಕ್ಕಿಂತ ಮುಖ್ಯ ಎಂಬ ಎಣಿಕೆಯಿಂದ ಬರಾಗ್ವನಾಥಿಯವನ್ನು ಕೈಗೆತ್ತಿಕೊಂಡು, ಅದರ ಒಳರಚನೆಯ ಬಗ್ಗೆ ಬರೆಯಲು ಕುಳಿತಾಗ ಕೈ ಕಟ್ಟಿಹಾಕಿದಂತಾಗುತ್ತದೆ. ಪಳೆಯುಳಿಕೆಗಳ ಮಟ್ಟಿಗೆ ವಯಸ್ಸಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಶಿಲೆ ಈ ಗಿಡದ ಯಾವ ಭಾಗವನ್ನು, ಯಾವ ರೀತಿಯಲ್ಲಿ ಉಳಿಸಿಕೊಂಡಿದೆ? ಜೀವಕೋಶಗಳ ಗೋಡೆಯವರೆಗೆ ಸಿಲಿಕಾದಲ್ಲಿ ಹೆಪ್ಪುಗಟ್ಟಿದ ಗಿಡ ಹೇಳುವ ಕಥೆಗೂ, ಕೆಸರಿನ ಪದರಗಳ ನಡುವೆ ಚಪ್ಪಟೆಯಾಗಿ ಇಂಗಾಲದ ತೆಳು ಪೊರೆಯಾಗಿ ಉಳಿದ ಗಿಡ ಹೇಳುವ ಕಥೆಗೂ ಬಹಳ ಅಂತರವಿದೆ. ಈ ನಾಲ್ಕು ಕುಲಗಳ ಆಯ್ಕೆ ಬಹುಮಟ್ಟಿಗೆ ಈ ಅಂತರದ ಮೇಲೆಯೇ ನಿಂತಿದೆ ಎಂಬುದು ನನ್ನ ಅಭಿಪ್ರಾಯ.

ಎರಡು ಅಳತೆಗೋಲುಗಳು

ಹೋಲಿಕೆಗೆ ಇಳಿಯುವ ಮೊದಲು ಎರಡು ಲಕ್ಷಣಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಕಾಂಡದ ದಪ್ಪ, ಎಲೆಯ ಉದ್ದ, ಕವಲುಗಳ ಕೋನ ಮುಂತಾದವು ಕಣ್ಣಿಗೆ ಬೇಗ ಬೀಳುತ್ತವೆಯಾದರೂ, ಒಂದೇ ಗಿಡದ ಬುಡದಲ್ಲೊಂದು ತುದಿಯಲ್ಲೊಂದು ಬಗೆಯಾಗಿರಬಹುದಾದ ಇವುಗಳನ್ನು ನಂಬಿ ಕುಲವನ್ನು ನಿರ್ಧರಿಸುವುದು ಅಪಾಯಕರ.

ಮೊದಲನೆಯದು ಎಲೆಯ ನರ. ಕಾಂಡದ ನಡುವೆ ನೀರು ಸಾಗಿಸುವ ನಾಳದಿಂದ ಒಂದು ಎಳೆ ಕವಲೊಡೆದು ಹೊರಟು ಎಲೆಯ ಒಳಕ್ಕೆ ಹೋಗುತ್ತದೆಯೇ, ಎಲೆಯ ಬುಡದಲ್ಲೇ ನಿಂತುಬಿಡುತ್ತದೆಯೇ, ಅಥವಾ ಹೊರಡುವುದೇ ಇಲ್ಲವೇ? ಎಳೆ ಹೊರಡುವುದೇ ಇಲ್ಲವಾದರೆ ಅದು ಎಲೆಯಲ್ಲ, ಬರೀ ಮುಳ್ಳು. ಎರಡನೆಯದು ಬೀಜಾಣುಗಳು ಹುಟ್ಟುವ ಬೀಜಾಣುಚೀಲದ ನೆಲೆ. ಆದಿಮ ಕ್ಲಬ್‌ಮಾಸ್‌ಗಳ ಬೀಜಾಣುಚೀಲಗಳು ಹುರುಳಿಕಾಳಿನ ಅಥವಾ ಮೂತ್ರಪಿಂಡದ ಆಕಾರದವು. ಬಲಿತಾಗ ಮೇಲಂಚಿನ ಉದ್ದಕ್ಕೂ ಬಿರಿದು ಎರಡು ಹೋಳಾಗುತ್ತವೆ. ಆಕಾರ ಹೀಗೆ ಎಲ್ಲೆಡೆ ಒಂದೇ ಆಗಿರುವುದರಿಂದ ಅದು ಅಂಟಿಕೊಂಡಿರುವ ಜಾಗವೇ ಹೆಚ್ಚು ಹೇಳುತ್ತದೆ: ಎಲೆಗಳ ನಡುವೆ ನೇರವಾಗಿ ಕಾಂಡದ ಮೇಲೋ, ಎಲೆಯ ಕಂಕುಳಲ್ಲೋ, ಎಲೆಯ ಮೇಲ್ಮೈಯಲ್ಲೋ?

ಇವೆರಡೂ ನೋಡಲು ಸುಲಭವೆನಿಸುವ, ಆದರೆ ಚಪ್ಪಟೆಯಾದ ಪಳೆಯುಳಿಕೆಯಲ್ಲಿ ಬಹಳ ಕಾಡಿಸುವ ಲಕ್ಷಣಗಳು. ಕಾಂಡ ಒತ್ತಲ್ಪಟ್ಟಾಗ ಮುಂದಿನದು ಹಿಂದಿನದು ಒಂದೇ ಸಮತಲಕ್ಕೆ ಬರುತ್ತದೆ. ಕಾಂಡದ ಮೇಲೆ ಕುಳಿತಿದ್ದ ಚೀಲ ಪಕ್ಕದ ಎಲೆಯ ಮೇಲೆ ಬಿದ್ದು ಅದಕ್ಕೇ ಅಂಟಿದಂತೆ ತೋರುತ್ತದೆ. ನೋಡುಗರ ಕಡೆಗೆ ಚಾಚಿದ್ದ ಎಲೆಗಳು ಬುಡ ಮಾತ್ರ ಉಳಿದು ದುಂಡನೆಯ ಚುಕ್ಕಿಗಳಾಗುತ್ತವೆ, ಅಂಚಿನಲ್ಲಿದ್ದವು ಮಾತ್ರ ಪಕ್ಕನೋಟದಲ್ಲಿ ಮುಳ್ಳಿನಂತೆ ಉಳಿಯುತ್ತವೆ. ಇದನ್ನು ಅರಿಯದೆ ನೋಡಿದರೆ ಒಂದೇ ಕಾಂಡದ ಮೇಲೆ ಎರಡು ಬಗೆಯ ಅಂಗಗಳಿವೆ ಎಂಬ ಭ್ರಮೆ ಹುಟ್ಟುವುದು ಸಹಜ.

ಆಸ್ಟೆರಾಕ್ಸೈಲಾನ್: ಒಳರಚನೆ ಬೇಕಾದವರಿಗೆ

ಸ್ಕಾಟ್ಲೆಂಡಿನ ಅಬರ್ಡೀನ್‌ಶೈರ್‌ನಲ್ಲಿರುವ ರೈನಿ ಎಂಬ ಹಳ್ಳಿಯ ಸುತ್ತ, 1912ರ ಸುಮಾರಿಗೆ, ವೃತ್ತಿಯಿಂದ ವೈದ್ಯರೂ ಹವ್ಯಾಸದಿಂದ ಭೂವಿಜ್ಞಾನಿಯೂ ಆಗಿದ್ದ ವಿಲಿಯಂ ಮ್ಯಾಕಿ ಅವರು ಹೊಲಗಳ ಕಲ್ಲುಗೋಡೆಗಳಲ್ಲಿದ್ದ ಚರ್ಟ್ ಎಂಬ ಗಟ್ಟಿ ಸಿಲಿಕಾ ಕಲ್ಲಿನ ತುಂಡುಗಳನ್ನು ತೆಳುವಾಗಿ ತೇದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಗಿಡಗಳ ಕಾಂಡಗಳು ಕಂಡವು. ಸುಮಾರು 40.7 ಕೋಟಿ ವರ್ಷಗಳ ಹಿಂದೆ ಅಲ್ಲಿ ಬಿಸಿನೀರಿನ ಬುಗ್ಗೆಗಳಿದ್ದವು. ಸಿಲಿಕಾ ಕರಗಿದ್ದ ಆ ನೀರು ಆಗಾಗ ಉಕ್ಕಿ ಹರಿದು ಸುತ್ತಲಿನ ಗಿಡಗಳನ್ನು ಮುಳುಗಿಸಿ, ಅವು ಕೊಳೆಯುವ ಮೊದಲೇ ಕೋಶಕೋಶವನ್ನೂ ಸಿಲಿಕಾದಿಂದ ತುಂಬಿತು. ರಾಬರ್ಟ್ ಕಿಡ್‌ಸ್ಟನ್ ಮತ್ತು ವಿಲಿಯಂ ಹೆನ್ರಿ ಲ್ಯಾಂಗ್ ಅವರು ಈ ಗಿಡಗಳನ್ನು 1917ರಿಂದ 1921ರವರೆಗೆ ಸರಣಿ ಲೇಖನಗಳಲ್ಲಿ ವಿವರಿಸಿದರು. 1920ರಲ್ಲಿ ಅವುಗಳಲ್ಲೊಂದಕ್ಕೆ ಆಸ್ಟೆರಾಕ್ಸೈಲಾನ್ ಮ್ಯಾಕಿಯೈ ಎಂದು ಹೆಸರಿಟ್ಟರು. ಗ್ರೀಕ್ ಮೂಲದ ಕುಲನಾಮದ ಅರ್ಥ ನಕ್ಷತ್ರದ ಮರಕಟ್ಟು ಎಂದು. ಪ್ರಭೇದದ ಹೆಸರು ಮ್ಯಾಕಿ ಅವರಿಗೆ ಸಂದ ಗೌರವ.

ಕಾಂಡವನ್ನು ಅಡ್ಡಲಾಗಿ ಸೀಳಿದ ಒಂದು ತೆಳುಛೇದವನ್ನು ನೋಡಿದರೆ ಹೆಸರಿನ ಕಾರಣ ತಾನಾಗಿ ತಿಳಿಯುತ್ತದೆ. ಹೆಚ್ಚೆಂದರೆ 12 ಮಿಲಿಮೀಟರ್ ಅಗಲದ, ಕಂದುಬಣ್ಣದ ದುಂಡನೆಯ ಛೇದದ ನಡುವೆ ಕಪ್ಪಾದ, ದಪ್ಪ ಗೋಡೆಯ ಕೋಶಗಳು ನಕ್ಷತ್ರದಂತೆ ತೋಳು ಚಾಚಿ ನಿಂತಿವೆ; ಅದೇ ನೀರು ಸಾಗಿಸುವ ಕ್ಸೈಲಂ. ಒಂದೊಂದು ತೋಳಿನ ತುದಿಯಿಂದ ಸಣ್ಣ ಚುಕ್ಕಿಗಳು ಬೇರ್ಪಟ್ಟು, ಹೊರಗಿನ ಮೆತು ಅಂಗಾಂಶದೊಳಗೆ ಓರೆಯಾಗಿ ಸಾಗಿ, ಹೊರಚರ್ಮದ ಕಡೆಗೆ ಹೊರಟಿರುತ್ತವೆ. ಕಣ್ಣು ಆ ಚುಕ್ಕಿಗಳನ್ನು ಹಿಂಬಾಲಿಸುತ್ತ ಹೋದರೆ ಅವು ಎಲೆಯ ಬುಡದವರೆಗೆ ಬಂದು ಅಲ್ಲೇ ನಿಂತುಹೋಗುತ್ತವೆ. ಸುಮಾರು 5 ಮಿಲಿಮೀಟರ್ ಉದ್ದದ ಎಲೆಯೊಳಗೆ ನರವಿಲ್ಲ. ಹೀಗೆ ಬಾಗಿಲವರೆಗೆ ಬಂದು ಒಳಗೆ ಕಾಲಿಡದ ನರ ಆಸ್ಟೆರಾಕ್ಸೈಲಾನ್‌ನ ಗುರುತು. ಉಳಿದ ಮೂರು ಕುಲಗಳಲ್ಲಿ ನರ ಎಲೆಯೊಳಗೆ ಸಾಗುತ್ತದೆ.

ಬೀಜಾಣುಚೀಲಗಳ ಕಥೆ ಇನ್ನೂ ಪಾಠ ಕಲಿಸುವಂಥದ್ದು. ಕಿಡ್‌ಸ್ಟನ್ ಮತ್ತು ಲ್ಯಾಂಗ್ ಅವರಿಗೆ ಆಸ್ಟೆರಾಕ್ಸೈಲಾನ್ ಕಾಂಡಗಳ ಜೊತೆಯಲ್ಲೇ ಎಲೆಗಳಿಲ್ಲದ, ತೆಳುವಾದ, ಚೀಲಗಳನ್ನು ಹೊತ್ತ ಕವಲುಗಳು ಸಿಕ್ಕಿದ್ದವು. ಅವು ಇದೇ ಗಿಡದವಿರಬೇಕು ಎಂದು ಅವರು ಊಹಿಸಿದರು. ದಶಕಗಳ ಕಾಲ ಪಠ್ಯಪುಸ್ತಕಗಳ ಚಿತ್ರಗಳಲ್ಲಿ ಗಿಡದ ತುದಿ ಬೋಳಾಗಿ, ಚೀಲಗಳು ಅಲ್ಲಿ ಜೋತಾಡುವಂತೆ ಕಾಣುತ್ತಿದ್ದುದು ಇದರಿಂದಲೇ. 1964ರಲ್ಲಿ ಲಯನ್ ಅವರು ನಿಜವಾದ ಫಲಧಾರಕ ಭಾಗವನ್ನು ತೋರಿಸಿದರು: ಬೀಜಾಣುಚೀಲಗಳು ಎಲೆಗಳಿರುವ ಕಾಂಡದ ಮೇಲೆಯೇ, ಎಲೆಗಳ ನಡುವೆ, ಸಣ್ಣ ತೊಟ್ಟಿನ ಮೇಲೆ ಕುಳಿತಿದ್ದವು. ಆ ಬೋಳು ಕವಲುಗಳು ಇನ್ನೊಂದು ಗಿಡದವು. ಅದನ್ನು ಈಗ ನೋಥಿಯ ಎನ್ನುತ್ತಾರೆ. ಆದ್ದರಿಂದ ಆಸ್ಟೆರಾಕ್ಸೈಲಾನ್ ಆರಿಸಿಕೊಂಡವರು ಹಳೆಯ ಪುಸ್ತಕದ ಚಿತ್ರವನ್ನು ಕಣ್ಣುಮುಚ್ಚಿ ಬಿಡಿಸಿಕೊಳ್ಳಬಾರದು. ತುದಿ ಬೋಳಾಗಿದ್ದರೆ ಆ ಚಿತ್ರ ಹಳೆಯ ತಿಳಿವಳಿಕೆಯದು.

ಈ ಕುಲದ ಪರವಾಗಿ ಹೇಳಬಹುದಾದ ದೊಡ್ಡ ಮಾತೆಂದರೆ, ಅದರ ಮೇಲೆ ಇಂದಿಗೂ ಕೆಲಸ ನಡೆಯುತ್ತಿದೆ. 2018ರಲ್ಲಿ ಹೆದರಿಂಗ್ಟನ್ ಮತ್ತು ಡೋಲನ್ ಅವರು ನೆಲಕ್ಕಿಳಿದ ಅಕ್ಷಗಳ (ಕಾಂಡದಂಥ ಕಡ್ಡಿಗಳ) ಬೆಳೆಯುವ ತುದಿಯನ್ನೇ ಪರೀಕ್ಷಿಸಿ, ಅಲ್ಲಿ ಬೇರಿನ ತುದಿಯನ್ನು ಮುಚ್ಚಿ ಕಾಪಾಡುವ ಬೇರಿನ ಟೋಪಿ ಇಲ್ಲವೆಂದು ತೋರಿಸಿದರು. ಎಂದರೆ ಅವು ಬೇರಿನ ಕೆಲಸ ಮಾಡುತ್ತಿದ್ದರೂ ಇಂದಿನ ಅರ್ಥದಲ್ಲಿ ಪೂರ್ತಿ ಬೇರುಗಳಾಗಿರಲಿಲ್ಲ. 2021ರಲ್ಲಿ ಸರಣಿ ಛೇದಗಳನ್ನು ಜೋಡಿಸಿ ಗಿಡದ ಮೂರು ಆಯಾಮದ ಮರುರಚನೆ ಬಂತು. ನೆಲಕ್ಕಿಳಿಯುವ ಅಕ್ಷಗಳು ಎಲೆಗಳಿರುವ ಕಾಂಡದ ಕವಲುಗಳಾಗಿಯೇ ಹುಟ್ಟುತ್ತಿದ್ದವು ಎಂಬುದು ಅದರಲ್ಲಿ ಸ್ಪಷ್ಟವಾಯಿತು. 2023ರಲ್ಲಿ ಇದರ ಎಲೆಗಳ ಸುರುಳಿ ಜೋಡಣೆಯನ್ನು ಎಣಿಸಿದಾಗ, ಇಂದಿನ ಬಹುಪಾಲು ಗಿಡಗಳಲ್ಲಿ ಕಾಣುವ ಫಿಬೊನಾಚಿ ಸಂಖ್ಯೆಗಳಿಗೆ (1, 2, 3, 5, 8 ಹೀಗೆ, ಹಿಂದಿನೆರಡನ್ನು ಕೂಡಿಸಿ ಬರುವ ಸಾಲಿಗೆ) ಅದು ಹೊಂದದಿರುವುದು ತಿಳಿದುಬಂತು. ಸುರುಳಿಯನ್ನು ಎಣಿಸಬೇಕೆಂದರೆ ಕಾಂಡ ಚಪ್ಪಟೆಯಾಗಿರಬಾರದು. ರೈನಿಯ ಚರ್ಟ್‌ನಂಥ ಕಲ್ಲಲ್ಲದೆ ಬೇರೆಡೆ ಈ ಕೆಲಸ ಬಹುಮಟ್ಟಿಗೆ ಆಗದು.

ಕೊರತೆಯೂ ಇದೆ. ಇಷ್ಟೆಲ್ಲ ತಿಳಿದಿರುವುದು ಒಂದೇ ಪ್ರದೇಶದ, ಬುಗ್ಗೆಗಳ ಸುತ್ತಲಿನ ವಿಶಿಷ್ಟ ಪರಿಸರದ ಗಿಡದಿಂದ. ಆ ಕಾಲದ ಕ್ಲಬ್‌ಮಾಸ್‌ಗಳು ಜಗತ್ತಿನಲ್ಲಿ ಎಲ್ಲೆಲ್ಲಿ ಹರಡಿದ್ದವು, ಯಾವ ಯಾವ ನೆಲದಲ್ಲಿ ಬೆಳೆದವು ಎಂದು ಕೇಳುವವರಿಗೆ ಇದು ಉತ್ತರ ಕೊಡುವುದಿಲ್ಲ. ಕೋಶರಚನೆ, ಬೆಳವಣಿಗೆ, ಬೇರಿನ ಮೂಲ ಎಂಬ ಪ್ರಶ್ನೆಗಳಿಗೆ ಮಾತ್ರ ಇದಕ್ಕೆ ಸಾಟಿಯಿಲ್ಲ.

ಬರಾಗ್ವನಾಥಿಯ: ಕಾಲನಿರ್ಣಯದಲ್ಲಿ ಆಸಕ್ತಿಯುಳ್ಳವರಿಗೆ

ಆಸ್ಟ್ರೇಲಿಯಾದ ವಿಕ್ಟೋರಿಯ ರಾಜ್ಯದಲ್ಲಿ, ಮೆಲ್ಬರ್ನ್‌ನಿಂದ ಈಶಾನ್ಯಕ್ಕಿರುವ ಯೇ ಎಂಬ ಊರಿನ ಸುತ್ತಲ ಶಿಲೆಗಳಿಂದ ಬಂದ ಈ ಗಿಡವನ್ನು 1935ರಲ್ಲಿ ಇಸಬೆಲ್ ಕುಕ್ಸನ್ ಮತ್ತು ಅದೇ ಲ್ಯಾಂಗ್ ಅವರು ಬರಾಗ್ವನಾಥಿಯ ಲಾಂಗಿಫೋಲಿಯ ಎಂದು ಹೆಸರಿಸಿದರು. ಕುಲನಾಮ ವಿಕ್ಟೋರಿಯದ ಭೂವೈಜ್ಞಾನಿಕ ಸಮೀಕ್ಷೆಯ ನಿರ್ದೇಶಕರಾಗಿದ್ದ ವಿಲಿಯಂ ಬರಾಗ್ವನಾಥ್ ಅವರಿಂದ ಬಂದದ್ದು. ಲಾಂಗಿಫೋಲಿಯ ಎಂದರೆ ಉದ್ದೆಲೆಯದು. ಸುಮಾರು 1 ಮಿಲಿಮೀಟರ್ ಅಗಲದ, 4 ಸೆಂಟಿಮೀಟರ್‌ವರೆಗೆ ಉದ್ದವಾದ, ಪಟ್ಟಿಯಂಥ ಎಲೆಗಳು ಕಾಂಡವನ್ನು ಸುರುಳಿಯಾಗಿ ಸುತ್ತುವರಿದಿರುತ್ತವೆ. ಒಂದೊಂದರಲ್ಲೂ ಒಂದೊಂದು ನರ. ಇತರ ಮೂರು ಕುಲಗಳ ಪಕ್ಕದಲ್ಲಿಟ್ಟರೆ ಇದು ಬಾಟಲಿ ತೊಳೆಯುವ ಕುಂಚದಂತೆ ಕಾಣುತ್ತದೆ. ಬೀಜಾಣುಚೀಲಗಳು ಎಲೆಯ ಕಂಕುಳಲ್ಲಿವೆ. ಆದರೆ ಅವು ಎಲೆಯ ಬುಡಕ್ಕೆ ಅಂಟಿದ್ದವೋ ಕಾಂಡಕ್ಕೋ ಎಂಬುದನ್ನು ಹೆಸರಿಟ್ಟವರೇ ಖಚಿತವಾಗಿ ಹೇಳಲಿಲ್ಲ.

ಇದರ ನಿಜವಾದ ಸ್ವಾರಸ್ಯ ಗಿಡದಲ್ಲಿಲ್ಲ, ಅದರೊಂದಿಗೆ ಸಿಕ್ಕ ಗ್ರಾಪ್ಟೊಲೈಟ್‌ಗಳಲ್ಲಿದೆ. ಗ್ರಾಪ್ಟೊಲೈಟ್‌ಗಳು ಸಮುದ್ರದಲ್ಲಿ ತೇಲಾಡುತ್ತಿದ್ದ ಪುಟ್ಟ ಜೀವಿಗಳ ಗುಂಪುಗಳು. ಗರಗಸದ ಅಲಗಿನಂಥ ಅವುಗಳ ಪಳೆಯುಳಿಕೆಗಳು ಬೇಗ ಬೇಗ ರೂಪ ಬದಲಿಸಿದ್ದರಿಂದ ಶಿಲೆಯ ಕಾಲವನ್ನು ಗುರುತಿಸಲು ಹೇಳಿಮಾಡಿಸಿದಂತಿವೆ. ನೆಲದ ಮೇಲೆ ಬೆಳೆದ ಬರಾಗ್ವನಾಥಿಯ ಹೊಳೆನೀರಿನಲ್ಲಿ ಕೊಚ್ಚಿಹೋಗಿ ಸಮುದ್ರದ ತಳದ ಕೆಸರಿನಲ್ಲಿ ಹೂತಿತ್ತು. ಹೀಗಾಗಿ ಗಿಡವೂ ಗ್ರಾಪ್ಟೊಲೈಟೂ ಒಂದೇ ಕಲ್ಲಿನಲ್ಲಿ ಉಳಿದವು. 1935ರಲ್ಲಿ ಆ ಗ್ರಾಪ್ಟೊಲೈಟ್‌ಗಳನ್ನು ಸಿಲೂರಿಯನ್ ಕಾಲದವೆಂದು ಗುರುತಿಸಲಾಯಿತು. ಬೇರೆಡೆ ಅದೇ ಕಾಲದ ಗಿಡವೆಂದರೆ ಕುಕ್ಸೋನಿಯ: ಎಲೆಯೇ ಇಲ್ಲದ, ಕೆಲವೇ ಸೆಂಟಿಮೀಟರ್ ಎತ್ತರದ ಕಡ್ಡಿ. (ಆ ಹೆಸರನ್ನು 1937ರಲ್ಲಿ ಲ್ಯಾಂಗ್ ಅವರು ಇಟ್ಟದ್ದು ಇದೇ ಇಸಬೆಲ್ ಕುಕ್ಸನ್ ಅವರ ಗೌರವಾರ್ಥ.) ಅಂಥ ಕಾಲದಲ್ಲಿ ಇಷ್ಟು ದೊಡ್ಡ, ಎಲೆತುಂಬಿದ ಗಿಡ ಹೇಗೆ ಸಾಧ್ಯ ಎಂದು ಹಲವರು ಹುಬ್ಬೇರಿಸಿದರು. 1966ರಲ್ಲಿ ಯೇಗರ್ ಅವರು ಆ ಗ್ರಾಪ್ಟೊಲೈಟ್‌ಗಳನ್ನು ಮತ್ತೆ ಪರಿಶೀಲಿಸಿ, ಅವು ಡೆವೋನಿಯನ್ ಯುಗದ ಆರಂಭದವೆಂದು ತೋರಿಸಿದಾಗ ಸಂಶಯಪಟ್ಟವರ ಕೈ ಮೇಲಾಯಿತು. ಆದರೆ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಗ್ಯಾರಟ್ ಅವರು 1978ರಲ್ಲಿ ವಿಕ್ಟೋರಿಯದಲ್ಲಿ ಬರಾಗ್ವನಾಥಿಯ ಸಿಗುವ ಇನ್ನೂ ಕೆಳಗಿನ ಪದರವೊಂದಿದೆ ಎಂದು ವರದಿ ಮಾಡಿದರು. 1984ರಲ್ಲಿ ಅವರೂ ರಿಕರ್ಡ್ಸ್ ಅವರೂ ಸೇರಿ ಅಲ್ಲಿನ ಗ್ರಾಪ್ಟೊಲೈಟ್‌ಗಳ ಆಧಾರದ ಮೇಲೆ ಆ ಕೆಳಪದರ ಸಿಲೂರಿಯನ್ ಯುಗದ ಕೊನೆಯ ಭಾಗದ್ದೆಂದು ವಾದಿಸಿದರು. ಹೀಗೆ ಮೊದಲ ವಾದ ಬಿದ್ದುಹೋಗಿ, ಬೇರೆ ಸಾಕ್ಷ್ಯದ ಮೇಲೆ ಮತ್ತೆ ಎದ್ದುನಿಂತಿತು.

ಪಳೆಯುಳಿಕೆಯ ವಯಸ್ಸನ್ನು ಹೇಗೆ ನಿರ್ಧರಿಸುತ್ತಾರೆ, ಆ ನಿರ್ಧಾರ ಹೇಗೆ ಬದಲಾಗುತ್ತದೆ ಎಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಆದಿಮ ಸಸ್ಯಗಳಲ್ಲಿ ನನಗೆ ಕಂಡಿಲ್ಲ. ಒಳರಚನೆಗಾಗಿ ಮಾತ್ರ ಇದನ್ನು ಆರಿಸಬಾರದು. ವಾಹಕ ನಾಳದ ತೋಳುಗಳೂ ಅದರ ಕೋಶಗಳ ಉಂಗುರದಂಥ ದಪ್ಪನೆಯ ಗೆರೆಗಳೂ ತಿಳಿದಿವೆ ನಿಜ. ಆದರೆ ರೈನಿಯ ಛೇದದಲ್ಲಿ ಕಾಣುವ ಮೆತು ಅಂಗಾಂಶದ ವಿವರ ಇಲ್ಲಿ ನಿರೀಕ್ಷಿಸುವಂತಿಲ್ಲ. ಕೆನಡಾದ ಒಂಟಾರಿಯೊದಿಂದ 1983ರಲ್ಲಿ ಹ್ಯೂಬರ್ ಅವರು ವಿವರಿಸಿದ ಬರಾಗ್ವನಾಥಿಯ ಅಬಿಟಿಬಿಯೆನ್ಸಿಸ್ ಎಂಬ ಪ್ರಭೇದವನ್ನೂ ಜೊತೆಗಿಟ್ಟು ಓದಿದರೆ ಕುಲದ ವ್ಯಾಪ್ತಿ ಆಸ್ಟ್ರೇಲಿಯಕ್ಕಷ್ಟೇ ಸೀಮಿತವಲ್ಲ ಎಂಬುದು ಮನದಟ್ಟಾಗುತ್ತದೆ.

ಡ್ರೆಪನೋಫೈಕಸ್: ಹೆಚ್ಚು ಸಿಗುವುದು, ಹೆಚ್ಚು ಗೊಂದಲದ್ದು

1852ರಲ್ಲಿ ಗೋಪರ್ಟ್ ಅವರು ಇಟ್ಟ ಈ ಹೆಸರಿನ ಅರ್ಥ ‘ಕುಡುಗೋಲು ಕಡಲಕಳೆ’. ಎಲೆಗಳು ಕುಡುಗೋಲಿನಂತೆ ಬಾಗಿರುವುದು ಸರಿಯೇ. ಕಡಲಕಳೆ ಎಂಬುದು ತಪ್ಪು. ಆದರೂ ನಾಮಕರಣದ ನಿಯಮದಂತೆ ಮೊದಲು ಇಟ್ಟ ಹೆಸರೇ ನಿಲ್ಲುವುದರಿಂದ, ಕಡಲಿಗೆ ಸಂಬಂಧವಿಲ್ಲದ ಈ ನೆಲದ ಗಿಡ ಇಂದಿಗೂ ಆ ಹೆಸರನ್ನೇ ಹೊತ್ತುಕೊಂಡಿದೆ. ಕೆನಡಾದಲ್ಲಿ ಡಾಸನ್ ಅವರು 1871ರಲ್ಲಿ ಆರ್ತ್ರೊಸ್ಟಿಗ್ಮ ಎಂದು ಕರೆದದ್ದೂ ಇದೇ ಗಿಡವೆಂದು ಆಮೇಲೆ ತಿಳಿಯಿತು. ಹಳೆಯ ಬರಹಗಳನ್ನು ಓದುವವರು ಈ ಎರಡು ಹೆಸರನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳಬೇಕು.

ಕಾಂಡ ಕೆಲವು ಮಿಲಿಮೀಟರ್‌ಗಳಿಂದ ಕೆಲವು ಸೆಂಟಿಮೀಟರ್‌ಗಳವರೆಗೆ ದಪ್ಪ. ಎಲೆಗಳು ಅಗಲ ಬುಡದ, ಚೂಪು ತುದಿಯ ಮುಳ್ಳಿನಂಥವು, ಹೆಚ್ಚೆಂದರೆ 2 ಸೆಂಟಿಮೀಟರ್ ಉದ್ದ. ಕೆಲವೆಡೆ ಸುರುಳಿಯಾಗಿ, ಕೆಲವೆಡೆ ಯಾವ ಕ್ರಮವೂ ಇಲ್ಲದಂತೆ ಹರಡಿರುತ್ತವೆ. ಒಂದೊಂದರಲ್ಲೂ ಎದ್ದುಕಾಣುವ ನರವಿದೆ. ಜರ್ಮನಿ, ಬ್ರಿಟನ್, ಕೆನಡಾ, ಅಮೆರಿಕ, ಚೀನಾ ಹೀಗೆ ಬಹಳ ಕಡೆ ಡೆವೋನಿಯನ್ ಶಿಲೆಗಳಲ್ಲಿ ಸಿಗುವುದರಿಂದ, ವಸ್ತುಸಂಗ್ರಹಾಲಯದ ಕಪಾಟಿನಲ್ಲಿ ಆದಿಮ ಕ್ಲಬ್‌ಮಾಸ್ ಒಂದನ್ನು ಕಣ್ಣಾರೆ ನೋಡುವ ಅವಕಾಶ ಸಿಕ್ಕರೆ ಅದು ಡ್ರೆಪನೋಫೈಕಸ್ ಆಗಿರುವ ಸಂಭವವೇ ಹೆಚ್ಚು.

ಗೊಂದಲ ಬೀಜಾಣುಚೀಲದ ವಿಷಯದಲ್ಲಿದೆ. ಕುಲದ ಪ್ರಚಲಿತ ವಿವರಣೆಯಲ್ಲಿ ಚೀಲಗಳು ಎಲೆಯ ಮೇಲ್ಮೈಯಲ್ಲಿರುತ್ತವೆ. ಬರಾಗ್ವನಾಥಿಯದಿಂದ ಇದನ್ನು ಬೇರ್ಪಡಿಸುವ ಲಕ್ಷಣವೂ ಅದೇ. ಆದರೆ ಸಿಗುವ ಕಾಂಡಗಳಲ್ಲಿ ಹೆಚ್ಚಿನವು ಚೀಲಗಳಿಲ್ಲದ ಬರಿ ಎಲೆಯ ತುಂಡುಗಳು. ಮುಳ್ಳಿನಂಥ ಎಲೆಗಳಿರುವ ಚಪ್ಪಟೆ ಕಾಂಡ ಕಂಡಲ್ಲೆಲ್ಲ ಈ ಹೆಸರು ಬರೆದಿಟ್ಟ ಅಭ್ಯಾಸದಿಂದಾಗಿ ಡ್ರೆಪನೋಫೈಕಸ್ ಎಂಬುದು ಒಂದು ಕುಲವೋ, ಒಂದೇ ರೂಪದ ಹಲವು ಗಿಡಗಳನ್ನು ತುಂಬಿದ ಚೀಲವೋ ಎಂಬ ಸಂಶಯ ಮೂಡುವುದುಂಟು. ಅಮೆರಿಕದ ವಯೋಮಿಂಗ್‌ನ ಬೇರ್‌ಟೂತ್ ಬ್ಯೂಟ್ ಶಿಲಾಸಮೂಹದಿಂದ ಮತ್ಸುನಾಗ ಮತ್ತು ಟೊಮೆಸ್ಕು ಅವರು 2016ರಲ್ಲಿ ಇಂಥದೇ ರೂಪದ ಗಿಡವೊಂದರ ನೆಲದೊಳಗಿನ ಬೇರುಗಳನ್ನು ವಿವರಿಸಿ, ಮರುವರ್ಷ ಅದಕ್ಕೆ ಸೆಂಗೇಲಿಯ ಎಂಬ ಪ್ರತ್ಯೇಕ ಕುಲವನ್ನೇ ಸ್ಥಾಪಿಸಿದರು. ಹೊರನೋಟಕ್ಕೆ ಒಂದೇ ಚೀಲದಲ್ಲಿ ಹಾಕಬಹುದಾಗಿದ್ದ ಗಿಡ, ಚೆನ್ನಾಗಿ ತಿಳಿದೊಡನೆ ಹೊರಬಂತು.

ಅಂಕ ಗಳಿಸುವ ಅಚ್ಚುಕಟ್ಟಾದ ಪ್ರಬಂಧ ಬೇಕಾದವರಿಗೆ ನಾನು ಈ ಕುಲವನ್ನು ಸೂಚಿಸುವುದಿಲ್ಲ. ಕುಲವೆಂಬ ಕಲ್ಪನೆ ಪಳೆಯುಳಿಕೆಗಳಲ್ಲಿ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಎಡವುತ್ತದೆ ಎಂದು ತಿಳಿಯಬಯಸುವವರಿಗೆ, ಮಾದರಿಗಳನ್ನು ಸ್ವತಃ ನೋಡಿ ಅಳೆಯುವ ಅನುಕೂಲ ಇರುವವರಿಗೆ ಮಾತ್ರ ನಾಲ್ಕರಲ್ಲಿ ಇದೇ ಹೆಚ್ಚು ಕೆಲಸ ಕೊಡುವ ಆಯ್ಕೆ.

ಲೆಕ್ಲರ್ಕಿಯ: ಎಲೆಯನ್ನೇ ಓದಬೇಕೆನ್ನುವವರಿಗೆ

ಉಳಿದ ಮೂರಕ್ಕಿಂತ ಇದು ಕಿರಿಯದು. ನ್ಯೂಯಾರ್ಕ್ ರಾಜ್ಯದ ಮಧ್ಯ ಡೆವೋನಿಯನ್ ಶಿಲೆಗಳಿಂದ ಬಂದ ಲೆಕ್ಲರ್ಕಿಯ ಕಾಂಪ್ಲೆಕ್ಸವನ್ನು ಬ್ಯಾಂಕ್ಸ್, ಬೊನಾಮೊ ಮತ್ತು ಗ್ರಿಯರ್ಸನ್ ಅವರು 1972ರಲ್ಲಿ ವಿವರಿಸಿದರು. ಹೆಸರು ಬೆಲ್ಜಿಯಂನ ಪುರಾಸಸ್ಯವಿಜ್ಞಾನಿ ಸುಜಾನ್ ಲೆಕ್ಲರ್ಕ್ ಅವರದ್ದು. ಕಲ್ಲಿನೊಳಗೆ ಮುಚ್ಚಿಹೋದ ಅಂಗಗಳನ್ನು ಸೂಕ್ಷ್ಮದರ್ಶಕದಡಿ ತೆಳು ಸೂಜಿಗಳಿಂದ ಕಣಕಣವಾಗಿ ಕಲ್ಲು ಬಿಡಿಸಿ ಹೊರತೆಗೆಯುವ ವಿಧಾನಕ್ಕೆ ಹೆಸರಾದವರು ಅವರು. ಈ ಗಿಡಕ್ಕೆ ಅವರ ಹೆಸರು ಬಂದದ್ದು ಎಷ್ಟು ಒಪ್ಪುವಂಥದ್ದು ಎಂಬುದು ಎಲೆಯನ್ನು ನೋಡಿದಾಗ ತಿಳಿಯುತ್ತದೆ.

ಕಲ್ಲು ಸೀಳಿದಾಗ ಮೇಲ್ಮೈಯಲ್ಲಿ ಕಾಣುವ ಎಲೆ ಕೆಲವೇ ಮಿಲಿಮೀಟರ್ ಉದ್ದದ ಸಾದಾ ಸೂಜಿಯಂತೆ ತೋರಬಹುದು; ಇನ್ನೊಂದು ಕಡೆ ತುದಿ ಎರಡಾಗಿ ಸೀಳಿದಂತೆ, ಮತ್ತೊಂದು ಕಡೆ ಮೂರಾಗಿ ಸೀಳಿದಂತೆ ತೋರಬಹುದು. ಸೂಜಿಯಿಂದ ಸುತ್ತಲಿನ ಕಲ್ಲನ್ನು ಬಿಡಿಸುತ್ತ ಹೋದಾಗ, ಅಥವಾ ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಕಲ್ಲನ್ನು ಕರಗಿಸಿ ಕಾಂಡವನ್ನು ಇಡಿಯಾಗಿ ಬಿಡುಗಡೆ ಮಾಡಿದಾಗ, ನಿಜವಾದ ಆಕಾರ ಹೊರಬರುತ್ತದೆ: ನಡುವೆ ಉದ್ದನೆಯ ಒಂದು ಮೊನೆ, ಅದರ ಎರಡೂ ಪಕ್ಕಗಳಲ್ಲಿ ಇಬ್ಭಾಗವಾದ ಒಂದೊಂದು ಕವಲು, ಒಟ್ಟು ಐದು ಮೊನೆಗಳು. ಪಕ್ಕದ ಕವಲುಗಳು ಬೇರೆ ಬೇರೆ ಸಮತಲಗಳಲ್ಲಿ ಚಾಚಿಕೊಂಡಿರುವುದರಿಂದ ಕಲ್ಲು ಎಲ್ಲಿ ಸೀಳಿತು ಎಂಬುದರ ಮೇಲೆ ಮೊನೆಗಳ ಎಣಿಕೆ ಬದಲಾಗುತ್ತದೆ. ಎಲೆ ಮೂರಾಗಿ ಕವಲೊಡೆಯುವ ಕೊಲ್ಪೊಡೆಕ್ಸೈಲಾನ್ ಎಂಬ ಇನ್ನೊಂದು ಕುಲವೂ ಅದೇ ಯುಗದಲ್ಲಿದೆ. ಎರಡಾಗಿ ಕವಲೊಡೆಯುವುದೆಂದು ಬಹುಕಾಲ ವಿವರಿಸಲಾದ ಪ್ರೋಟೋಲೆಪಿಡೋಡೆಂಡ್ರಾನ್ ಕೂಡ ಇದೆ. ಹಾಗಾಗಿ ಒಂದೆರಡು ಎಲೆಗಳ ಮೊನೆ ಎಣಿಸಿ ಹೆಸರು ಬರೆಯುವುದು ಸಲ್ಲದು. ಹತ್ತಾರು ಎಲೆಗಳನ್ನು ನೋಡಿ, ಕಂಡದ್ದರಲ್ಲಿ ಅತಿ ಹೆಚ್ಚಿನ ಎಣಿಕೆಯನ್ನು ನಂಬುವುದು ಮೇಲು: ಮೊನೆ ಕಲ್ಲಿನಲ್ಲಿ ಅಡಗಿ ಕಾಣದೇ ಹೋಗಬಹುದೇ ಹೊರತು, ಇಲ್ಲದ ಮೊನೆ ಹೊಸದಾಗಿ ಹುಟ್ಟುವುದಿಲ್ಲ.

1979ರಲ್ಲಿ ಗ್ರಿಯರ್ಸನ್ ಮತ್ತು ಬೊನಾಮೊ ಅವರು ಈ ಎಲೆಯ ಮೇಲ್ಮೈಯಲ್ಲಿ, ಬೀಜಾಣುಚೀಲದಿಂದ ತುಸು ಮುಂದೆ, ಕಿರುನಾಲಗೆಯಂಥ ಲಿಗ್ಯೂಲ್ ಇರುವುದನ್ನು ತೋರಿಸಿದರು. ಇಂದು ಲಿಗ್ಯೂಲ್ ಇರುವ ಸೆಲಾಜಿನೆಲ್ಲ ಮತ್ತು ಐಸೋಯಿಟಿಸ್‌ಗಳು ದೊಡ್ಡದು ಚಿಕ್ಕದು ಎಂದು ಎರಡು ಬಗೆಯ ಬೀಜಾಣುಗಳನ್ನು ಉಂಟುಮಾಡುತ್ತವೆ. ಈ ಎರಡು ಲಕ್ಷಣಗಳೂ ಒಂದಕ್ಕೊಂದು ಕಟ್ಟುಬಿದ್ದವೆಂದೇ ಪಠ್ಯಗಳು ಪಾಠ ಮಾಡುತ್ತವೆ. ಲೆಕ್ಲರ್ಕಿಯದಲ್ಲಿ ಲಿಗ್ಯೂಲ್ ಇದೆ, ಆದರೆ ಬೀಜಾಣುಗಳು ಒಂದೇ ಬಗೆಯವು. ಲಿಗ್ಯೂಲ್ ಮೊದಲು, ಎರಡು ಬಗೆಯ ಬೀಜಾಣು ಆಮೇಲೆ ಎಂಬ ಅನುಕ್ರಮಕ್ಕೆ ಈ ಒಂದು ಗಿಡ ಕೊಡುವ ಬಲ ಸಣ್ಣದಲ್ಲ. ಚೀನಾದ ಷಿನ್‌ಜಿಯಾಂಗ್‌ನಿಂದ 2011ರಲ್ಲಿ ವಿವರಿಸಲಾದ ಲೆಕ್ಲರ್ಕಿಯ ಅನ್ಸಿನೇಟದ ಎಲೆಯ ಮೊನೆಗಳು ಕೊಕ್ಕೆಯಂತೆ ಬಾಗಿದ್ದು, ಅದು ಇತರ ಗಿಡಗಳನ್ನು ಹಿಡಿದು ಹತ್ತುತ್ತಿದ್ದಿರಬಹುದೆಂಬ ಊಹೆಯಿದೆ.

ಹೋಲಿಕೆಯನ್ನು ಕೆಡಿಸುವ ಒಂದು ಸುಂದರ ಸರಣಿ

ಕ್ಲಬ್‌ಮಾಸ್‌ಗಳ ಎಲೆ ಹೇಗೆ ಹುಟ್ಟಿತು ಎಂಬುದಕ್ಕೆ ಪಠ್ಯಗಳಲ್ಲಿ ಒಂದು ಅಚ್ಚುಕಟ್ಟಾದ ಸಾಲು ಬರುತ್ತದೆ: ಮೊದಲು ಸಾಡೋನಿಯ ಎಂಬ ಅಳಿದ ಮುಳ್ಳುಗಿಡ, ಅದರ ಮುಳ್ಳುಗಳಲ್ಲಿ ನರವೇ ಇಲ್ಲ, ನಂತರ ಆಸ್ಟೆರಾಕ್ಸೈಲಾನ್, ನರ ಬುಡದವರೆಗೆ, ಕೊನೆಗೆ ಡ್ರೆಪನೋಫೈಕಸ್ ಮತ್ತು ಬರಾಗ್ವನಾಥಿಯ, ನರ ಒಳಗಡೆ. ಮುಳ್ಳು ಮೆಲ್ಲಮೆಲ್ಲಗೆ ಎಲೆಯಾಯಿತೆಂಬ ವಾದಕ್ಕೆ ಈ ಚಿತ್ರ ಬಹಳ ಅನುಕೂಲಕರ. ಆದರೆ ಇವುಗಳನ್ನು ಶಿಲೆಯ ವಯಸ್ಸಿನ ಪ್ರಕಾರ ಇಟ್ಟು ನೋಡಿ. ನರ ಪೂರ್ತಿ ಒಳಹೊಕ್ಕ ಬರಾಗ್ವನಾಥಿಯ ಸಿಲೂರಿಯನ್ ಯುಗದ ಕೊನೆಯದು. ನರ ಅರ್ಧದಲ್ಲಿ ನಿಂತ ಆಸ್ಟೆರಾಕ್ಸೈಲಾನ್ ಅದಕ್ಕಿಂತ ಒಂದು ಕೋಟಿಗೂ ಹೆಚ್ಚು ವರ್ಷ ಕಿರಿಯದು. ಹಂತಗಳ ಸಾಲು ಕಾಲದ ಸಾಲಲ್ಲ. ಇದರಿಂದ ವಾದವೇ ಸುಳ್ಳಾಗುವುದಿಲ್ಲ, ಏಕೆಂದರೆ ಹಳೆಯ ಲಕ್ಷಣವೊಂದು ತಡವಾದ ಗಿಡದಲ್ಲೂ ಉಳಿದುಬರಬಹುದು. ಆದರೆ ಆಸ್ಟೆರಾಕ್ಸೈಲಾನ್ ಅನ್ನು ಬರಾಗ್ವನಾಥಿಯದ ಪೂರ್ವಜ ಎಂದು ಬರೆಯುವುದು ಮೊಮ್ಮಗನನ್ನು ಅಜ್ಜನೆಂದು ಕರೆದಂತೆ. ಎಲೆಯ ಮೂಲದ ಬಗ್ಗೆ ಬೇರೆ ವಾದಗಳೂ ಇವೆ: ಕವಲಿನ ಗುಂಪೊಂದು ಕುಗ್ಗಿ ಎಲೆಯಾಯಿತೆಂಬುದು ಒಂದು, ಬೀಜಾಣು ಉಂಟುಮಾಡುವ ಕೆಲಸ ಬಿಟ್ಟುಕೊಟ್ಟ ಚೀಲವೇ ಎಲೆಯಾಯಿತೆಂಬುದು ಇನ್ನೊಂದು. ಈ ಪ್ರಶ್ನೆಯನ್ನೇ ಪ್ರಬಂಧದ ವಸ್ತುವಾಗಿ ಇಟ್ಟುಕೊಳ್ಳುವವರು ಒಂದು ಕುಲವನ್ನು ಮಾತ್ರ ಆರಿಸಿಕೊಳ್ಳಬಾರದು. ಆಸ್ಟೆರಾಕ್ಸೈಲಾನ್ ಮತ್ತು ಬರಾಗ್ವನಾಥಿಯಗಳನ್ನು ಜೊತೆಯಾಗಿಯೇ ಎತ್ತಿಕೊಳ್ಳಬೇಕು.

ಸಾಡೋನಿಯದ ಹೆಸರು ಬಂದುದರಿಂದ ಹೇಳಬೇಕಾದ ಇನ್ನೊಂದು ಮಾತಿದೆ. ಅದು ಕ್ಲಬ್‌ಮಾಸ್‌ಗಳ ಹತ್ತಿರದ ನೆಂಟರಾದ ಜೋಸ್ಟರೋಫಿಲ್‌ಗಳ ಗುಂಪಿನದು. ಡಾಸನ್ ಅವರು ಸೈಲೋಫೈಟಾನ್ ಎಂಬ ಹೆಸರಿನಡಿ ಸೇರಿಸಿದ್ದ ಮುಳ್ಳಿನ ಗಿಡವನ್ನು 1971ರಲ್ಲಿ ಹ್ಯೂಬರ್ ಅವರು ಬೇರೆ ತೆಗೆದು ಈ ಹೆಸರು ಕೊಟ್ಟರು. ಚಪ್ಪಟೆಯಾದ ಕಾಂಡದಲ್ಲಿ ಅದನ್ನು ಡ್ರೆಪನೋಫೈಕಸ್‌ನಿಂದ ಬೇರ್ಪಡಿಸಲು ನನಗೆ ತಿಳಿದ ಸುಲಭದ ದಾರಿ, ಬೆಳಕನ್ನು ಪಕ್ಕದಿಂದ ತೀರಾ ಓರೆಯಾಗಿ ಬೀಳಿಸಿ ಭೂತಗನ್ನಡಿಯಲ್ಲಿ ನೋಡುವುದು. ಮುಳ್ಳಿನ ನಡುವೆ ಬುಡದಿಂದ ತುದಿಯ ಕಡೆಗೆ ಸಾಗುವ ಏಣೋ ಗೀರೋ ಕಂಡರೆ ಅದು ನರದ ಗುರುತು, ಆಗ ಡ್ರೆಪನೋಫೈಕಸ್ ಕಡೆಗೆ ಒಲಿಯಬಹುದು. ಕಾಂಡದ ಎಳೆಯ ತುದಿ ಜರಿಗಿಡದ ಎಳೆ ಎಲೆಯಂತೆ ಸುರುಳಿ ಸುತ್ತಿಕೊಂಡಿದ್ದರೆ ಸಾಡೋನಿಯ. ನರವೂ ಕಾಣದೆ, ತುದಿಯೂ ಇಲ್ಲದೆ, ಬೀಜಾಣುಚೀಲವೂ ಸಿಗದೆ ಬರೀ ಮುಳ್ಳುಮುಳ್ಳಾದ ಕಾಂಡದ ತುಂಡೊಂದು ಮಾತ್ರ ಮೇಜಿನ ಮೇಲಿದ್ದರೆ, ಚೀಟಿಯಲ್ಲಿ ಕುಲದ ಹೆಸರು ಬರೆಯದೆ ‘ಮುಳ್ಳಿನ ಅಂಗಗಳಿರುವ ಕಾಂಡ, ಡೆವೋನಿಯನ್’ ಎಂದಷ್ಟೇ ಬರೆದು, ಸಿಕ್ಕ ಪದರ ಮತ್ತು ಜಾಗವನ್ನು ನಮೂದಿಸಿ ಇಡುವುದು ಸರಿಯಾದ ಆಯ್ಕೆ.